ಜನರೇಟರ್ ಇದೆ, ಆದರೆ ನಡೆಯುತ್ತದೆಯೇ?



ಮಳೆಗಾಲ ಬಂತೆಂದರೆ ಖಾನಾಪುರ ತಾಲೂಕಿನಲ್ಲಿ ಕರೆಂಟಿನದೇ ಮಾತು. ಜಾಂಬೋಟಿ, ಕಣಕುಂಬಿ, ಲೋಂಡಾ ಭಾಗಗಳಲ್ಲಿ ವಿದ್ಯುತ್ ತಂತಿಗಳು ಸಹ್ಯಾದ್ರಿಯ ಕಾಡಿನ ನಡುವೆ ಹಾದುಬರುತ್ತವೆ. ಒಂದು ಕೊಂಬೆ ಮುರಿದು ಬಿದ್ದರೆ ಹಳ್ಳಿಹಳ್ಳಿಗಳೇ ಕತ್ತಲಲ್ಲಿ ಮುಳುಗುತ್ತವೆ. ಸುರಿಯುವ ಮಳೆಯಲ್ಲಿ ಆ ಕೊಂಬೆಯನ್ನು ಹುಡುಕಿ ತೆಗೆಯುವ ಹೆಸ್ಕಾಂ ಲೈನ್‌ಮನ್‌ಗಳನ್ನು ದೂರುವುದು ನನ್ನ ಉದ್ದೇಶವಲ್ಲ. ಕರೆಂಟು ಹೋದಾಗ ರೋಗಿಯ ಹಾಸಿಗೆಯ ಬಳಿ ಏನಾಗುತ್ತದೆ ಎಂಬುದಷ್ಟೇ ನನ್ನ ಪ್ರಶ್ನೆ.

ಬೆಳಗಾವಿಯಲ್ಲಿ ನರ್ಸಿಂಗ್ ಹೋಂ ಎಂದರೆ ಹತ್ತಿಪ್ಪತ್ತು ಹಾಸಿಗೆಗಳ ಖಾಸಗಿ ಆಸ್ಪತ್ರೆ. ಖಾನಾಪುರದ ಜನರು ಹೆರಿಗೆಗೆ, ಶಸ್ತ್ರಚಿಕಿತ್ಸೆಗೆ ಇಪ್ಪತ್ತೈದು ಕಿಲೋಮೀಟರ್‌ಗೂ ಹೆಚ್ಚು ದೂರ ಪಯಣಿಸಿ ಇಲ್ಲಿಗೇ ಬರುತ್ತಾರೆ. ಅಲ್ಲೆಲ್ಲ "ಜನರೇಟರ್ ಇದೆಯೇ?" ಎಂದು ಕೇಳಿದರೆ "ಇದೆ" ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ಆ ಉತ್ತರ ಸಾಲದು.

ವಿಜ್ಞಾನ ಶಿಕ್ಷಕನಾಗಿದ್ದವನಿಗೆ ಸ್ವಲ್ಪ ಪಾಠ ಹೇಳುವ ಚಪಲ ಇದ್ದೇ ಇರುತ್ತದೆ, ಸಹಿಸಿಕೊಳ್ಳಿ. ಡೀಸೆಲ್ ಜನರೇಟರ್ ಚಾಲನೆಗೊಂಡು ಭಾರ ಹೊರಲು ಕೆಲವು ಸೆಕೆಂಡುಗಳಾದರೂ ಬೇಕು. ಆ ಅಂತರವನ್ನು ಯುಪಿಎಸ್ ತುಂಬಬೇಕು. ವೆಂಟಿಲೇಟರ್‌ನೊಳಗೆ ಅದರದೇ ಬ್ಯಾಟರಿ ಇರುತ್ತದೆ, ಆದರೆ ಅದು ವರ್ಷಗಳು ಕಳೆದಂತೆ ಸೊರಗುತ್ತದೆ. ಮನೆಗಳಲ್ಲಿ ಬಳಸುವ ಸಾಮಾನ್ಯ ಆಕ್ಸಿಜನ್ ಕಾನ್ಸಂಟ್ರೇಟರ್ ಕರೆಂಟು ಹೋದೊಡನೆ ನಿಲ್ಲುತ್ತದೆ. ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಇನ್ನು ಜನರೇಟರನ್ನು ಚಾಲೂ ಮಾಡುವುದಕ್ಕೂ ಒಂದು ಬ್ಯಾಟರಿ ಬೇಕು. ಅದು ಸತ್ತಿದ್ದರೆ ಲಕ್ಷಾಂತರ ರೂಪಾಯಿಯ ಯಂತ್ರವೂ ಮೂಲೆಯ ಕಬ್ಬಿಣವೇ.

ಕೆಲವು ವರ್ಷಗಳ ಹಿಂದೆ ನನ್ನ ಅಕ್ಕ ಉಬ್ಬಸದಿಂದ ನಗರದ ಒಂದು ನರ್ಸಿಂಗ್ ಹೋಂನಲ್ಲಿದ್ದಾಗ ನಡೆದದ್ದೂ ಇದೇ. ರಾತ್ರಿ ಕರೆಂಟು ಹೋಯಿತು. ಜನರೇಟರ್ ಇಪ್ಪತ್ತು ನಿಮಿಷ ಕೆಮ್ಮಿತೇ ಹೊರತು ಏಳಲಿಲ್ಲ. ದಾದಿಯೊಬ್ಬಳು ಟಾರ್ಚ್ ಹಿಡಿದು, ಸಿಲಿಂಡರ್ ಉರುಳಿಸಿಕೊಂಡು ಬಂದು ಅಕ್ಕನನ್ನು ಕಾಪಾಡಿದಳು. ಆ ಹುಡುಗಿಗೆ ಸಿಲಿಂಡರ್ ಎಲ್ಲಿದೆ ಎಂಬುದು ಗೊತ್ತಿತ್ತು, ನಮ್ಮ ಪುಣ್ಯ.

ಎಲ್ಲರ ಪುಣ್ಯವೂ ಹಾಗಿರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ವಿದ್ಯುತ್ ಕಡಿತದ ಹೊತ್ತಿನಲ್ಲಿ ತೀವ್ರ ನಿಗಾ ಘಟಕದ ರೋಗಿಗಳು ಮೃತಪಟ್ಟರು. ವಿದ್ಯುತ್ ಇಲ್ಲದ್ದೇ ಕಾರಣವೆಂದು ಬಂಧುಗಳು ಆರೋಪಿಸಿದರು. ಸರ್ಕಾರ ಅದನ್ನು ಒಪ್ಪದೆ ತನಿಖೆಗೆ ಸಮಿತಿ ನೇಮಿಸಿತು. ವಿಧಾನಸಭೆಯಲ್ಲಿ ವಾಗ್ವಾದವೂ ಆಯಿತು. ಯಾವ ನಿಮಿಷಕ್ಕೆ ಕರೆಂಟು ಹೋಯಿತು, ಯಾವ ನಿಮಿಷಕ್ಕೆ ಜನರೇಟರ್ ಬಂತು ಎಂಬುದನ್ನು ಪ್ರತಿ ಆಸ್ಪತ್ರೆಯೂ ದಿನನಿತ್ಯ ಬರೆದಿಡುವ ಪದ್ಧತಿ ಇದ್ದರೆ ಇಂಥ ವಾದಗಳಿಗೆ ಆಧಾರವಾದರೂ ಸಿಕ್ಕೀತು.

ಸಿರಿವಂತ ದೇಶಗಳೂ ಪೆಟ್ಟು ತಿಂದೇ ಪಾಠ ಕಲಿತಿವೆ. ಅಮೆರಿಕದಲ್ಲಿ ನರ್ಸಿಂಗ್ ಹೋಂ ಎಂದರೆ ವೃದ್ಧರ ಆರೈಕೆಯ ತಾಣ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಬೀಸಿದಾಗ ಫ್ಲೋರಿಡಾದ ಅಂಥದೊಂದು ಮನೆಯಲ್ಲಿ ಹವಾನಿಯಂತ್ರಣ ನಿಂತು, ಸೆಖೆಯಲ್ಲಿ ಬೆಂದು 12 ಮಂದಿ ತೀರಿಕೊಂಡರು. ಸಮೀಪದಲ್ಲೇ ವಿದ್ಯುತ್ ಇದ್ದ ದೊಡ್ಡ ಆಸ್ಪತ್ರೆಯಿತ್ತು! ಮರುವರ್ಷವೇ ಆ ರಾಜ್ಯವು ಇಂಥ ಮನೆಗಳಲ್ಲಿ 96 ಗಂಟೆಗಳ ಪರ್ಯಾಯ ವಿದ್ಯುತ್ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಅಲ್ಲಿಯ ನಿಯಮ "ಎಷ್ಟು ಗಂಟೆ?" ಎಂದು ಕೇಳುತ್ತದೆ. ನಾವೂ ಹಾಗೆಯೇ ಕೇಳಬೇಕು. ಅರ್ಧ ಗಂಟೆಯಲ್ಲಿ ಕರೆಂಟು ಮರಳುವ ನಗರಕ್ಕೂ ದಿನಗಟ್ಟಲೆ ಕಾಯಬೇಕಾದ ಕಾಡಂಚಿಗೂ ಒಂದೇ ಅಳತೆ ಸಲ್ಲದು.

ನಮ್ಮಲ್ಲಿ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಜಿಲ್ಲೆಯ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಚಿಕಿತ್ಸೆಯ ದರಪಟ್ಟಿಯನ್ನು ಪ್ರದರ್ಶಿಸಬೇಕೆಂದು ಆ ಕಾಯ್ದೆ ಹೇಳುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಫಲಕವಿರಲಿ: ಜನರೇಟರನ್ನು ನಿಜವಾದ ಭಾರ ಹೊರಿಸಿ ಪರೀಕ್ಷಿಸಿದ ದಿನಾಂಕ, ಅದು ಏಳಲು ಹಿಡಿದ ಸೆಕೆಂಡುಗಳು, ಡೀಸೆಲ್ ಎಷ್ಟು ಗಂಟೆಗಿದೆ ಎಂಬ ಲೆಕ್ಕ. ಭಾರವಿಲ್ಲದೆ ಐದು ನಿಮಿಷ ಗುಡುಗಿಸಿ ನಿಲ್ಲಿಸುವುದು ಪರೀಕ್ಷೆಯಲ್ಲ. ಪುಸ್ತಕ ತೆರೆದಿಟ್ಟು ಬರೆದ ಉತ್ತರಪತ್ರಿಕೆಯಂತೆ ಅದು.

ಸಣ್ಣ ನರ್ಸಿಂಗ್ ಹೋಂಗಳಿಗೆ ಇದು ಹೊರೆಯಲ್ಲವೇ ಎಂದು ನೀವು ಕೇಳಬಹುದು. ಹೊಸ ಯಂತ್ರದ ಖರ್ಚು ಹೊರೆಯೇ, ನಿಜ. ಆದರೆ ಇರುವ ಯಂತ್ರವನ್ನು ತಿಂಗಳಿಗೊಮ್ಮೆ ಪರೀಕ್ಷಿಸಲು ಬೇಕಾದದ್ದು ಸ್ವಲ್ಪ ಡೀಸೆಲ್, ಒಂದು ದಪ್ಪ ನೋಟ್‌ಬುಕ್ಕು, ಒಬ್ಬ ಹೊಣೆಗಾರ ಮನುಷ್ಯ. ಕಾಡಂಚಿನ ಆರೋಗ್ಯ ಕೇಂದ್ರಗಳಿಗೆ ಸೌರವಿದ್ಯುತ್ತು ಆಸರೆಯಾಗಬಲ್ಲದು. ಸೆಲ್ಕೋ ಪ್ರತಿಷ್ಠಾನವು ರಾಜ್ಯದ ಅನೇಕ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಅದನ್ನು ಅಳವಡಿಸಿ ತೋರಿಸಿದೆ. ಆದರೆ ಆಷಾಢದ ಮೋಡದಡಿ ಬ್ಯಾಟರಿ ತುಂಬುವುದು ನಿಧಾನ. ಅಲ್ಲಿ ಡೀಸೆಲ್ಲೂ ಜೊತೆಗಿರಲೇಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ವೈದ್ಯರಿದ್ದೀರಿ, ಎಂಜಿನಿಯರರಿದ್ದೀರಿ. ಈ ಮೃಗಶಿರಾ ಮಳೆಗೆ ಮುನ್ನ ನಿಮ್ಮ ಆಸ್ಪತ್ರೆಯ ಮುಖ್ಯ ಸ್ವಿಚ್ಚನ್ನು ಒಮ್ಮೆ ನೀವೇ ಆರಿಸಿ ನೋಡಿ — ಮೊದಲು ವಾರ್ಡಿಗೆ ತಿಳಿಸಿ, ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು. ಬಂಧುಗಳೇ, ಮನೆಯಲ್ಲಿ ಆಕ್ಸಿಜನ್ ಯಂತ್ರವಿದ್ದರೆ ತುಂಬಿದ ಸಿಲಿಂಡರ್ ಒಂದನ್ನು ಇಟ್ಟುಕೊಳ್ಳಿ, ಅದರ ಕೀಲಿಯನ್ನೂ ಅಲ್ಲಿಯೇ ಕಟ್ಟಿಡಿ. ಹಿರಿಯರನ್ನು ಎಲ್ಲಿಗೆ ಸೇರಿಸಿದರೂ ಮುಂಗಡ ಹಣ ಕಟ್ಟುವಾಗಲೇ ಸಂಕೋಚವಿಲ್ಲದೆ ಕೇಳಿ: "ಜನರೇಟರ್ ಕೊನೆಯ ಬಾರಿ ನಡೆದದ್ದು ಯಾವಾಗ?"