ಎಂಟನೆಯ ದಿನದಿಂದ

ಬೆಂಗಳೂರಿನಿಂದ ಶಿವಗಂಗೆಗೆ ಹೊರಟವರು ದಾಬಸ್‌ಪೇಟೆಯವರೆಗೂ ತುಮಕೂರು ರಸ್ತೆಯಲ್ಲೇ ಹೋಗಬೇಕು. ಅದೇ ರಸ್ತೆಯಲ್ಲಿ, ನೆಲಮಂಗಲದ ಹತ್ತಿರ, 2016ರ ಫೆಬ್ರವರಿಯಲ್ಲಿ ಹರೀಶ್ ನಂಜಪ್ಪ ಎಂಬ ಯುವಕ ಲಾರಿಗೆ ಸಿಕ್ಕಿ ತೀರಿಕೊಂಡರು. ದೇಹ ಎರಡು ತುಂಡಾಗಿದ್ದಾಗಲೂ ತಮ್ಮ ಅಂಗಾಂಗ ದಾನ ಮಾಡಿಸಿ ಎಂದು ಸುತ್ತ ನಿಂತವರನ್ನು ಬೇಡಿಕೊಂಡರು. ಕಣ್ಣು ದಾನವಾಯಿತು. ಮರುತಿಂಗಳೇ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ ‘ಮುಖ್ಯಮಂತ್ರಿ ಸಾಂತ್ವನ–ಹರೀಶ್’ ಯೋಜನೆ ತಂದಿತು: ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ, 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. 2025ರಲ್ಲಿ ಕೇಂದ್ರದ ನಗದುರಹಿತ ಯೋಜನೆ ಬಂತು: ಏಳು ದಿನ, ಒಂದೂವರೆ ಲಕ್ಷದವರೆಗೆ. ಎರಡೂ ಒಳ್ಳೆಯವೇ, ಎಷ್ಟೋ ಜೀವ ಉಳಿಸುವಂಥವು. ನನ್ನ ತಕರಾರು ಎಂಟನೆಯ ದಿನದ್ದು.

ತಲೆಗೆ ಪೆಟ್ಟು ಬಿದ್ದವನು ಏಳು ದಿನಕ್ಕೆ ಏಳುವುದಿಲ್ಲ. ಕೆಲವರು ಆ ಹೊತ್ತಿಗೆ ಇನ್ನೂ ಐಸಿಯುನಲ್ಲೇ ಇರುತ್ತಾರೆ. ಮನೆಗೆ ಬಂದಮೇಲೆ ನೋಡಲು ಬಂದವರೆಲ್ಲ ‘ಜೀವ ಉಳೀತಲ್ಲ, ಅದೇ ದೊಡ್ಡದು’ ಎಂದು ಹೇಳಿ ಹೋಗುತ್ತಾರೆ. ಬಲಗೈ ಎದ್ದೇಳುವುದಿಲ್ಲ, ಕಾಲು ಎಳೆಯುತ್ತದೆ. ಮನೆಯವರು ಬೆಳಿಗ್ಗೆ ಸಂಜೆ ಎಣ್ಣೆ ಹಚ್ಚಿ ಉಜ್ಜುತ್ತಾರೆ. ಉಜ್ಜಿದರೆ ನೋವು ಹಗುರಾಗಬಹುದು, ಮನಸ್ಸಿಗೂ ಹಿತ. ಆದರೆ ಉಜ್ಜುವವರ ಕೈಗಷ್ಟೇ ಅದು ವ್ಯಾಯಾಮ. ಮಿದುಳು ಮತ್ತೆ ಕಲಿಯಬೇಕಾದರೆ ಪೆಟ್ಟು ತಿಂದವನೇ ಮನಸ್ಸಿಟ್ಟು ಆ ಕೈಯನ್ನು ಆಡಿಸಬೇಕು.

ಇದನ್ನು ತೋರಿಸಿಕೊಟ್ಟವರಲ್ಲಿ ಅಮೆರಿಕದ ಎಡ್ವರ್ಡ್ ಟಾಬ್ ಮುಖ್ಯರು. ಕೋತಿಯ ಒಂದು ತೋಳಿನ ಸಂವೇದನೆಯ ನರಗಳನ್ನು ಕತ್ತರಿಸಿದರೆ ಕೋತಿ ಆ ತೋಳನ್ನು ಬಳಸುವುದನ್ನೇ ಬಿಡುತ್ತಿತ್ತು. ಸರಿಯಿರುವ ತೋಳನ್ನು ಕಟ್ಟಿಹಾಕಿದಾಗ ಬಿಟ್ಟ ತೋಳಿಂದಲೇ ಆಹಾರ ಎತ್ತಿಕೊಳ್ಳುತ್ತಿತ್ತು. ‘ಆಗದು’ ಎನ್ನುವುದನ್ನೂ ಮಿದುಳು ಕಲಿತುಬಿಡುತ್ತದೆ ಎಂದು ಟಾಬ್ ತರ್ಕಿಸಿದರು. (ಆ ಕೋತಿಗಳನ್ನು ಇಟ್ಟುಕೊಂಡಿದ್ದ ರೀತಿಯ ಬಗ್ಗೆ 1981ರಲ್ಲಿ ದೊಡ್ಡ ಗಲಾಟೆಯಾಗಿ ಪ್ರಕರಣ ಕೋರ್ಟಿಗೆ ಹೋಯಿತು, ಅದನ್ನು ಮರೆತು ಈ ತರ್ಕದಿಂದ ಹುಟ್ಟಿದ ಚಿಕಿತ್ಸೆಯನ್ನು ಹೊಗಳುವುದು ನ್ಯಾಯವಲ್ಲ.) ಮುಂದೆ ಲಕ್ವ ಹೊಡೆದ 222 ಜನರ ಮೇಲೆ ಈ ಚಿಕಿತ್ಸೆಯ ಪ್ರಯೋಗ ನಡೆದು 2006ರಲ್ಲಿ ಫಲಿತಾಂಶ ಬಂತು. ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದವರು ಅವರು. ಎರಡು ವಾರ ಒಳ್ಳೆಯ ಕೈಗೆ ಗವುಸು ತೊಡಿಸಿ, ಸೋತ ಕೈಯಿಂದ ದಿನಕ್ಕೆ ಆರು ಗಂಟೆಯವರೆಗೂ ಕೆಲಸ ಮಾಡಿಸಿದರು. ಚೇತರಿಕೆ ವರ್ಷದ ನಂತರವೂ ಉಳಿದಿತ್ತು. ಮಣಿಕಟ್ಟು, ಬೆರಳು ಸ್ವಲ್ಪವಾದರೂ ಬಿಚ್ಚುವವರಿಗೆ ಮಾತ್ರ ಈ ವಿಧಾನ; ಪೂರಾ ಬಿದ್ದುಹೋದ ಕೈಗೆ ಅಲ್ಲ.

ಮಾಡಿಸುವ ಕೆಲಸ ಏನಿರಬೇಕು? ಇಲ್ಲಿ ನಮ್ಮ ಸೋಂಪುರ ಹೋಬಳಿಯ ಮನೆಗಳು ಯಾವ ಯಂತ್ರಕ್ಕೂ ಕಡಿಮೆಯಲ್ಲ. ಸಂಕ್ರಾಂತಿಯ ಸುಮಾರಿಗೆ, ಶಿವಗಂಗೆ ಬೆಟ್ಟದಲ್ಲಿ ಗಂಗಾಧರೇಶ್ವರನ ಜಾತ್ರೆಯ ದಿನಗಳಲ್ಲಿ, ಮನೆಮನೆಯಲ್ಲೂ ಹಿತಕಿದ ಬೇಳೆ. ನೆನೆದ ಅವರೆಕಾಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಒತ್ತಿ, ಬೇಳೆ ಮಾತ್ರ ಚಿಮ್ಮಿ ಬಟ್ಟಲಿಗೆ ಬೀಳುವಂತೆ ಮಾಡುವುದು. ಜೋರಾಗಿ ಒತ್ತಿದರೆ ಬೇಳೆ ನೆಲಕ್ಕೆ, ಮೆಲ್ಲಗೆ ಒತ್ತಿದರೆ ಸಿಪ್ಪೆ ಬಿಡದು. ಹಿಡಿತ, ಬಲದ ಅಳತೆ, ನೂರಾರು ಸಲದ ಪುನರಾವರ್ತನೆ, ಪ್ರತಿ ಸಲವೂ ಆಯಿತೋ ಇಲ್ಲವೋ ಎಂಬ ಉತ್ತರ: ಫಿಸಿಯೋಗಳು ಹುಡುಕುವುದು ಇದನ್ನೇ. ಬೆಟ್ಟದ ಮೇಲೆ ಒಳಕಲ್ಲು ತೀರ್ಥದಲ್ಲೂ ಭಕ್ತರು ಬಂಡೆಯ ಕುಳಿಯೊಳಗೆ ತೋಳು ಇಳಿಬಿಟ್ಟು ನೀರಿಗಾಗಿ ತಡಕಾಡುತ್ತಾರೆ. ಕಣ್ಣಿಗೆ ಕಾಣದ್ದನ್ನು ಬೆರಳಿಂದ ಹುಡುಕುವ ಈ ಕೆಲಸವೂ ಸಣ್ಣದಲ್ಲ.

ಹಾಗಾದರೆ ಎಲ್ಲ ಮನೆಯವರೇ ನೋಡಿಕೊಳ್ಳಲಿ ಎನ್ನುವಂತಿಲ್ಲ. ಭಾರತದ 14 ಆಸ್ಪತ್ರೆಗಳಲ್ಲಿ 1,250 ಲಕ್ವ ರೋಗಿಗಳ ಮೇಲೆ ‘ಅಟೆಂಡ್’ ಎಂಬ ಪ್ರಯೋಗ ನಡೆಯಿತು. ಮನೆಯವರಿಗೇ ತರಬೇತಿ ಕೊಟ್ಟು ಕಳಿಸಿದರು. ಆರು ತಿಂಗಳ ನಂತರ ನೋಡಿದರೆ ಮಾಮೂಲಿ ಆರೈಕೆಗಿಂತ ಹೆಚ್ಚಿನ ಪ್ರಯೋಜನವೇನೂ ಆಗಿರಲಿಲ್ಲ. ಈ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಪ್ರೀತಿ ಇದ್ದ ಮಾತ್ರಕ್ಕೆ ಕೈ ಪಳಗುವುದಿಲ್ಲ. ಎಬ್ಬಿಸುವಾಗ ಸೋತ ತೋಳನ್ನೇ ಹಿಡಿದೆಳೆದು ಭುಜದ ಕೀಲು ಜಾರಿಸುವವರೂ ಪ್ರೀತಿಯ ಮನೆಯವರೇ. ಅದರಲ್ಲೂ ಅಪಘಾತದ ಪೆಟ್ಟು ಲಕ್ವದಂತೆ ಒಂದೇ ಕಡೆ ನಿಲ್ಲುವುದಿಲ್ಲ. ಗಮನ ನಿಲ್ಲದು, ಬೇಗ ಸುಸ್ತು, ಮಾತುಮಾತಿಗೆ ಸಿಟ್ಟು. ಹತ್ತು ಕಾಳು ಹಿತಕಿ ಬಟ್ಟಲು ಎಸೆದರೆ ‘ಮೊದಲು ಇಂಥವನಲ್ಲ ಕಣಮ್ಮ’ ಎಂದು ಅಕ್ಕಪಕ್ಕದವರು ನೊಂದುಕೊಳ್ಳುತ್ತಾರೆ. ಅದೂ ಪೆಟ್ಟಿನದೇ ಫಲ ಎಂದು ತಿಳಿಸಿ, ಇವತ್ತು ಹತ್ತೇ ಸಾಕು, ನಾಳೆ ಹದಿನೈದು ಎಂದು ಲೆಕ್ಕ ಹಾಕಿಕೊಡುವವರು ಬೇಕು.

ಅಂಥವರು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದಾರೆ; ನರರೋಗಿಗಳ ಪುನರ್ವಸತಿಗೆಂದೇ ಅಲ್ಲಿ ವಿಭಾಗವಿದೆ. ಆದರೆ ಬೆಟ್ಟದ ಬುಡದ ಊರಿನಿಂದ ಮೆಜೆಸ್ಟಿಕ್‌ಗೆ ಬಂದು, ಅಲ್ಲಿ ಇನ್ನೊಂದು ಬಸ್ ಹತ್ತಿ, ಅರ್ಧ ಮೈ ಸೋತವನನ್ನು ವಾರಕ್ಕೆ ಮೂರು ಸಲ ಕರೆತನ್ನಿ ಎಂದರೆ ಜೊತೆಗೆ ಬರುವವರ ಕೂಲಿಯೂ ಹೋಗುತ್ತದೆ. ಇತ್ತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೆಸರಿಸುವ 21 ಬಗೆಯ ವೈಕಲ್ಯಗಳಲ್ಲಿ ಮಿದುಳಿನ ಪೆಟ್ಟು ಪ್ರತ್ಯೇಕವಾಗಿ ಇಲ್ಲ. ಕೈಕಾಲಿನ ಊನ ತೋರಿಸಿ ಸರ್ಟಿಫಿಕೇಟ್ ಪಡೆಯಬೇಕು. ನಡೆಯಬಲ್ಲ, ಆದರೆ ಒಂದು ಕೆಲಸದ ಮೇಲೆ ಐದು ನಿಮಿಷ ಮನಸ್ಸು ನಿಲ್ಲಿಸಲಾರದ ಹುಡುಗ ಯಾವ ಕಾಲಮ್ಮಿಗೂ ಸುಲಭಕ್ಕೆ ಹೊಂದುವುದಿಲ್ಲ.

ಗ್ರಾಮ ಪಂಚಾಯಿತಿಗಳಲ್ಲಿ ಅಂಗವಿಕಲರಿಗೆಂದು ಶೇ 5ರ ಅನುದಾನವಿದೆ, ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಅವರ ಹತ್ತಿರ ಊರಿನ ಪಟ್ಟಿ ಇರುತ್ತದೆ, ಯಾರ ಮನೆ ಎಲ್ಲಿ ಎಂಬುದೂ ಗೊತ್ತಿರುತ್ತದೆ. ತ್ರಿಚಕ್ರ ಸೈಕಲ್ ಹಂಚಿ ಫೋಟೊ ತೆಗೆಸಿಕೊಳ್ಳುವುದರ ಜೊತೆಗೆ ಆ ದುಡ್ಡಿನಲ್ಲಿ ಎರಡು ಮೂರು ಪಂಚಾಯಿತಿ ಸೇರಿ ವಾರಕ್ಕೊಂದು ದಿನ ಒಬ್ಬ ಫಿಸಿಯೋಥೆರಪಿಸ್ಟನ್ನು ಕರೆಸಬಹುದು, ಮನೆಯಿಂದ ಪಂಚಾಯಿತಿ ಕಟ್ಟಡದವರೆಗೆ ಆಟೊ ಬಾಡಿಗೆಯನ್ನೂ ಕೊಡಬಹುದು. ಇದಕ್ಕೆ ಹೊಸ ಯೋಜನೆ, ಹೊಸ ಹೆಸರು ಬೇಕಿಲ್ಲ. ಮುಂದಿನ ಸಾಮಾನ್ಯ ಸಭೆಯ ನಡಾವಳಿಯಲ್ಲಿ ಒಂದು ಠರಾವು ಬರೆದರೆ ಶುರುಮಾಡಬಹುದು.