ಗಾದೆ ಯಾಕೆ ಸುಳ್ಳಾಗಬಾರದು?

'ಗಾದೆಗಳು ವೇದಗಳಿಗೆ ಸಮಾನ. ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆಗಳು ನಮ್ಮ ಹಿರಿಯರ ಅನುಭವದ ನುಡಿಮುತ್ತುಗಳು.'

ಕನ್ನಡ ಶಾಲೆಯಲ್ಲಿ ಹತ್ತನೆಯ ತರಗತಿ ದಾಟಿದವರನ್ನು ನಡುರಾತ್ರಿ ಎಬ್ಬಿಸಿ ಕೇಳಿದರೂ ಈ ಮೂರು ವಾಕ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಒಪ್ಪಿಸದೆ ಏನು? ಬಾಯಿಪಾಠ ಮಾಡಿಸಿದವರು ನಾವೇ ತಾನೆ! ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂಬ ಪ್ರಶ್ನೆಗೆ ಮೂರು ಅಂಕ. ಗಾದೆ ಯಾವುದಾದರೂ ಇರಲಿ, ಪೀಠಿಕೆ ಮಾತ್ರ ಇದೇ. ಕೈ ಕೆಸರಾಗಲಿ, ಬೇಲಿ ಎದ್ದು ಹೊಲ ಮೇಯಲಿ, ಮೊದಲು ವೇದಕ್ಕೊಂದು ಕೈ ಮುಗಿದು ಆಮೇಲೆ ಮುಂದಕ್ಕೆ ಹೋಗಬೇಕು. ಅರವತ್ತು ಉತ್ತರಪತ್ರಿಕೆ ತಿದ್ದಿ ಮುಗಿಸಿ ಸಂಜೆ ಕಾಫಿ ಲೋಟ ಹಿಡಿದು ಕೂತರೆ, ಅರವತ್ತು ಮಕ್ಕಳು ಒಟ್ಟಿಗೆ ಮಗ್ಗಿ ಹೇಳಿದ ಹಾಗೆ ವೇದ, ಗಾದೆ, ವೇದ, ಗಾದೆ ಎಂದು ಕಿವಿಯಲ್ಲಿ ಗುಂಯ್‌ಗುಡುತ್ತಿರುತ್ತದೆ.

ಒಂದು ದಿನ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ನನ್ನ ಕಟ್ಟಿನಿಂದ ಒಂದು ಪತ್ರಿಕೆ ಎಳೆದು ನೋಡಿದರು. "ಅಲ್ಲ ಮೇಡಂ, ಮೊದಲನೇ ಸಾಲಿನಲ್ಲಿ ಎರಡೂ ಸಮಾನ ಅಂತೀರಿ. ಎರಡನೇ ಸಾಲಿನಲ್ಲಿ ಒಂದು ಸುಳ್ಳಾಗಬಹುದು, ಇನ್ನೊಂದು ಆಗಲ್ಲ ಅಂತೀರಿ. ನಮ್ಮಲ್ಲಿ ಹೀಗೆ ಬರೆದರೆ ಸೊನ್ನೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಬಾರದಿತ್ತು ಎಂದು ಈಗ ಅನ್ನಿಸುತ್ತದೆ. ಆ ಎರಡನೆಯ ಸಾಲು ಹಸಿ ಸುಳ್ಳು. ಅದನ್ನು ಮಕ್ಕಳ ಕೈಯಲ್ಲಿ ಬರೆಸುವುದನ್ನು ನಾವು ನಿಲ್ಲಿಸಬೇಕು. ಇಷ್ಟು ಹೇಳುವುದಕ್ಕೇ ನಾನು ಇಲ್ಲಿ ಇಷ್ಟುದ್ದ ಬರೆಯುತ್ತಿರುವುದು.

ನಾನು ಗಾದೆಯ ವೈರಿಯೇನಲ್ಲ. ಗಾದೆಯ ಮಡಿಲಲ್ಲೇ ಬೆಳೆದವಳು. ನಮ್ಮಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಗಾದೆಗೆ ಬರವಿರಲಿಲ್ಲ. ಮಾವ ಮೋಟಾರ್ ಸೈಕಲ್ಲಿಗೆ ದುಡ್ಡು ಕೇಳಿದರೆ 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎನ್ನುವಳು. ತನಗೆ ಹೊಸ ಬಳೆ ಮಾಡಿಸಿಕೊಳ್ಳುವ ಆಸೆಯಾದರೆ 'ಸಾಲ ಮಾಡಿಯಾದರೂ ತುಪ್ಪ ತಿನ್ನು' ಎನ್ನುವಳು. ನಾವು ಮಕ್ಕಳು ಜಗಳ ಆಡಿದರೆ 'ಮಾತು ಬೆಳ್ಳಿ, ಮೌನ ಬಂಗಾರ'. ಅಂಗಡಿಯಲ್ಲಿ ಚೌಕಾಸಿ ಮಾಡಿ ಗೆದ್ದು ಬಂದ ದಿನ 'ಬಾಯಿ ಇದ್ದವನು ಬರಗಾಲದಲ್ಲೂ ಬದುಕಿದ'. "ಏನಜ್ಜಿ, ನಿನ್ನೆ ಒಂದು ಹೇಳ್ತೀಯ, ಇವತ್ತು ಒಂದು ಹೇಳ್ತೀಯ" ಎಂದರೆ, "ನಿನ್ನೆ ಹಸಿವು ಬೇರೆ, ಇವತ್ತಿನ ಹಸಿವು ಬೇರೆ ಕಣೇ" ಎಂದು ಎಲೆ ಅಡಿಕೆಗೆ ಕೈ ಹಾಕುವಳು. ಬಿ.ಎ., ಬಿ.ಎಡ್. ಮಾಡಿದ ನನಗೆ ತಿಳಿಯದಿದ್ದ ಸಂಗತಿ ಅವಳಿಗೆ ತಿಳಿದಿತ್ತು. ಗಾದೆ ಸತ್ಯವಲ್ಲ, ಅದೊಂದು ವಾದ. ಮಾತಿನ ನಡುವೆ ಗೆಲ್ಲುವುದಕ್ಕೆ ಎಸೆಯುವ ಒಂದು ದಾಳ.

ಇದು ನಮ್ಮೊಬ್ಬರ ಕತೆಯಲ್ಲ. ಇಂಗ್ಲಿಷಿನಲ್ಲಿ ಉರುಳುವ ಕಲ್ಲಿಗೆ ಪಾಚಿ ಕಟ್ಟುವುದಿಲ್ಲ ಎಂಬ ಗಾದೆಯಿದೆ. ಒಂದೆಡೆ ನೆಲೆ ನಿಲ್ಲದೆ ಅಲೆಯುವವನ ಹತ್ತಿರ ಏನೂ ಕೂಡುವುದಿಲ್ಲ ಎಂದು ಹಿಂದಿನವರ ಅರ್ಥ. ಈಗ ಅದನ್ನೇ ಬಹಳ ಜನ ತಿರುಗಿಸಿ ಹೇಳುತ್ತಾರೆ: ಓಡಾಡುತ್ತಿರು, ಆಗ ಪಾಚಿ ಹಿಡಿಯುವುದಿಲ್ಲ! ಜಪಾನೀಯರೂ ಈ ಗಾದೆಯನ್ನು ತಮ್ಮದಾಗಿಸಿಕೊಂಡಿದ್ದಾರೆ. ಅಲ್ಲಿಯೂ ಎರಡು ಅರ್ಥಗಳು ಓಡಾಡುತ್ತವೆ. ಪಾಚಿಯನ್ನು ಚೆಂದವೆಂದು ತೋಟದಲ್ಲಿ ಬೆಳೆಸುವ ಜನ ಅವರು. ಅವರಿಗೆ ಪಾಚಿ ಕಟ್ಟುವುದು ಕೆಡುಕೆಂದು ಯಾಕೆ ಅನ್ನಿಸಬೇಕು? ಕಲ್ಲು ಅದೇ, ಪಾಚಿ ಅದೇ, ಪಾಠ ಮಾತ್ರ ಎರಡು. ಇದರಲ್ಲಿ ಯಾವುದು 'ಸುಳ್ಳಾಗದ' ಗಾದೆ?

ಅದೇ ಜಪಾನಿನಲ್ಲಿ ಇನ್ನೊಂದು ಪ್ರಸಿದ್ಧ ಗಾದೆಯಿದೆ: ಮೇಲೆದ್ದ ಗೂಟಕ್ಕೆ ಪೆಟ್ಟು ಬೀಳುತ್ತದೆ. ಇದನ್ನು ತರಗತಿಯಲ್ಲಿ ಹೇಳಿದಾಗ ನಾನೊಂದು ಪ್ರಶ್ನೆ ಕೇಳುತ್ತೇನೆ. ಈ ಮಾತು ಗೂಟದ ಬಾಯಿಂದ ಬಂದದ್ದೋ, ಕೊಡತಿಯ ಬಾಯಿಂದ ಬಂದದ್ದೋ? ಗೂಟ ಹೇಳಿದರೆ ಅದು ನೋವು. ಕೊಡತಿ ಹೇಳಿದರೆ ಅದೇ ಮಾತು ಬೆದರಿಕೆ. ಪೂರ್ವ ಆಫ್ರಿಕದ ಸ್ವಾಹಿಲಿಯಲ್ಲಿ ಆನೆಗಳು ಕಾದಾಡಿದರೆ ನರಳುವುದು ಹುಲ್ಲು ಎನ್ನುತ್ತಾರೆ. ಇದನ್ನು ಆನೆ ಹೇಳಿರಲಾರದು ಎಂಬುದು ಯಾರಿಗೂ ಹೊಳೆಯುತ್ತದೆ. ಗಾದೆ ಕೇಳಿದ ಕೂಡಲೇ ಅರ್ಥ ಏನು ಎಂದು ಕೇಳುವುದಕ್ಕೆ ಮುಂಚೆ, ಯಾರು ಯಾರಿಗೆ ಹೇಳಿದ್ದು ಎಂದು ಕೇಳಬೇಕು.

ದೊಡ್ಡವರ ರಾಜಕಾರಣದಲ್ಲೂ ಇದು ನಡೆದಿದೆ. 1987ರ ಡಿಸೆಂಬರ್ 8ರಂದು ವಾಷಿಂಗ್‌ಟನ್ನಿನಲ್ಲಿ ರೀಗನ್ ಮತ್ತು ಗೋರ್ಬಚೆವ್ ಕ್ಷಿಪಣಿ ಒಪ್ಪಂದಕ್ಕೆ ಸಹಿ ಹಾಕಿದರು. ಆಗ ರೀಗನ್, ನಂಬು, ಆದರೆ ಪರೀಕ್ಷಿಸಿ ನೋಡು ಎಂಬ ರಷ್ಯನ್ ಗಾದೆಯನ್ನು ರಷ್ಯನ್ನಿನಲ್ಲೇ ಹೇಳಿದರು. ಅವರ ಊರಿನ ಚಪ್ಪಲಿಯಿಂದ ಅವರಿಗೇ ಏಟು! ಗೋರ್ಬಚೆವ್ ಸುಮ್ಮನೆ ಕೂರಲಿಲ್ಲ. ಪ್ರತಿ ಸಭೆಯಲ್ಲೂ ನೀವು ಇದನ್ನೇ ಹೇಳುತ್ತೀರಿ ಎಂದು ಚುಚ್ಚಿದರು. ಸಭೆಯೇ ನಕ್ಕಿತು. ಗಾದೆಗೆ ಎದುರು ಮಾತು ಆಡಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ ಎಂಬುದಕ್ಕೆ ಇಷ್ಟು ಸಾಕು. ಆದರೆ ನಮ್ಮ ಮಕ್ಕಳಿಗೆ ನಾವು ಕಲಿಸದೇ ಇರುವುದು ಈ ಎದುರು ಮಾತನ್ನೇ. ಗಾದೆ ಬಂತೆಂದರೆ ತಲೆ ಬಾಗಿಸು, ಮೂರು ಅಂಕ ತಗೋ.

ಇಷ್ಟೆಲ್ಲ ಈಗ ಹೇಳುತ್ತಿರುವ ನಾನು ಆಗ ಹೇಗಿದ್ದೆ ಎಂಬುದನ್ನೂ ಹೇಳಿಬಿಡಬೇಕು.

2009ರ ಅರ್ಧವಾರ್ಷಿಕ ಪರೀಕ್ಷೆ. ಒಂಬತ್ತನೆಯ ತರಗತಿಯ ಪ್ರಶ್ನೆಪತ್ರಿಕೆ ನಾನೇ ತಯಾರಿಸಿದ್ದೆ. 'ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ' ಎಂಬ ಗಾದೆ ಕೊಟ್ಟಿದ್ದೆ. ಎಲ್ಲ ಮಕ್ಕಳೂ ಸಂಸಾರದಲ್ಲಿ ಸರಸ ವಿರಸ ಇದ್ದದ್ದೇ, ಹೊಂದಿಕೊಂಡು ಬಾಳಬೇಕು ಎಂದು ಬರೆದಿದ್ದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ವೇದದ ಪೀಠಿಕೆ ಬರೆದು, ಅದರ ಕೆಳಗೆ ಹೀಗೆ ಬರೆದಿದ್ದಳು: 'ಆದರೆ ನಮ್ಮ ಮನೆಯಲ್ಲಿ ಈ ಗಾದೆ ಸುಳ್ಳು. ಅಪ್ಪ ಉಂಡ ಮೇಲೇ ಜಗಳ ಶುರುವಾಗುವುದು. ಅಮ್ಮ ಉಣ್ಣುವುದಿಲ್ಲ. ನಾನು ಮತ್ತು ತಮ್ಮ ಮಲಗಿರುವುದಿಲ್ಲ, ಮಲಗಿದ ಹಾಗೆ ಇರುತ್ತೇವೆ.'

ನಾನು ಏನು ಮಾಡಿದೆ ಗೊತ್ತೆ? ಕೆಂಪು ಪೆನ್ನಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ 'ವಿಷಯಾಂತರ' ಎಂದು ಬರೆದು, ಪೀಠಿಕೆಗೆ ಅಂತ ಒಂದು ಅಂಕ ಕೊಟ್ಟೆ. ಸುಳ್ಳು ಸಾಲಿಗೆ ಒಂದು ಅಂಕ, ನಿಜದ ಸಾಲುಗಳಿಗೆ ಸೊನ್ನೆ. ತಿಳಿದದ್ದರಿಂದ ತಿಳಿಯದ್ದಕ್ಕೆ ಮಕ್ಕಳನ್ನು ಕರೆದೊಯ್ಯಬೇಕು ಎಂದು ಬಿ.ಎಡ್.ನಲ್ಲಿ ಪಾಠ ಹೇಳಿಸಿಕೊಂಡು ಬಂದವಳು ನಾನು. ಆ ಹುಡುಗಿ ತನಗೆ ತಿಳಿದದ್ದರಿಂದಲೇ ಹೊರಟಿದ್ದಳು. ನಾನು ದಾರಿಗೆ ಅಡ್ಡ ನಿಂತೆ.

ಅಷ್ಟೇ ಆಗಿದ್ದರೆ ಬೇರೆ ಮಾತು. ಪೋಷಕರ ಸಭೆಗೆ ಅವಳ ತಾಯಿ ಬಂದಿದ್ದರು. ಸೆರಗು ಹೊದ್ದಿದ್ದರೂ ಮೊಣಕೈ ಊದಿದ್ದು ಕಾಣುತ್ತಿತ್ತು. "ಏನಾಯ್ತಮ್ಮ?" ಎಂದೆ. "ಏನಿಲ್ಲ ಬಿಡಿ ಟೀಚರ್, ಬಚ್ಚಲಲ್ಲಿ ಜಾರಿದೆ" ಎಂದರು. ಮಗಳ ಉತ್ತರಪತ್ರಿಕೆ ನನ್ನ ಮೇಜಿನ ಮೇಲೇ ಇತ್ತು. ಆದರೂ ನನ್ನ ಬಾಯಿಂದ ಬಂದದ್ದು, "ತಾಳಿದವನು ಬಾಳಿಯಾನು ಅಂತಾರೆ. ಮಕ್ಕಳ ಮುಖ ನೋಡ್ಕೊಂಡು ಸ್ವಲ್ಪ ತಾಳ್ಕೊಳ್ಳಿ." ಆಕೆ ಒಂದು ಕ್ಷಣ ನನ್ನನ್ನೇ ನೋಡಿ, "ಹೂಂ ಟೀಚರ್, ಎಲ್ಲರೂ ಅದನ್ನೇ ಹೇಳ್ತಾರೆ" ಎಂದು ಎದ್ದು ಹೋದರು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆ ನಮ್ಮ ದೇಶದಲ್ಲಿ 2005ರಲ್ಲೇ ಆಗಿತ್ತು, 2006ರ ಅಕ್ಟೋಬರ್‌ನಿಂದ ಜಾರಿಯಲ್ಲಿತ್ತು. ನನಗೆ ಅದು ಗೊತ್ತಿತ್ತು, ಪೇಪರಿನಲ್ಲಿ ಓದಿದ್ದೆ. ಕಾಯಿದೆ ನೆನಪಿಗೆ ಬರಲಿಲ್ಲ, ಗಾದೆ ಬಂತು. ಯಾಕೆಂದರೆ ಗಾದೆಗೆ ಯೋಚನೆ ಬೇಕಿಲ್ಲ. ಹೇಳಿದವರ ಜವಾಬ್ದಾರಿಯೂ ಅಲ್ಲಿಗೆ ಮುಗಿಯುತ್ತದೆ. ಇನ್ನೊಂದು ಸಂಗತಿ ನೋಡಿ. ಗಾದೆ 'ತಾಳಿದವನು' ಎನ್ನುತ್ತದೆ. ಪುಲ್ಲಿಂಗ. ಆದರೆ ಅದನ್ನು ನಾವು ಹೇಳುವುದೆಲ್ಲ ತಾಳಿ ಕಟ್ಟಿಸಿಕೊಂಡವಳಿಗೆ. ವ್ಯಾಕರಣ ಪಾಠ ಮಾಡುವ ನನಗೆ ಈ ಲಿಂಗದೋಷ ಕಾಣಲೇ ಇಲ್ಲ.

ಸಂಕ್ರಾಂತಿ ಮುಗಿದ ಮೇಲೆ ಆ ಹುಡುಗಿ ವರ್ಗಾವಣೆ ಪತ್ರ ತೆಗೆದುಕೊಂಡು ಹೋದಳು. ಕಾರಣದ ಕಾಲಂನಲ್ಲಿ 'ಊರು ಬದಲಾವಣೆ' ಎಂದಿತ್ತು. ಅಮ್ಮ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋದರಂತೆ ಎಂದು ಆಮೇಲೆ ಕೇಳಿದೆ. ನನ್ನ ಗಾದೆಯನ್ನು ಆಕೆ ಪಾಲಿಸಲಿಲ್ಲ. ಬದುಕಿಕೊಂಡರು.

ಅಂದಿನಿಂದ ನಾನು ಬೇರೆ ದೇಶಗಳ ಗಾದೆಗಳನ್ನು ಬೇರೆ ಕಣ್ಣಿನಿಂದ ಓದುತ್ತಾ ಬಂದೆ. ನೋಡಿದರೆ ಎಲ್ಲ ಊರಲ್ಲೂ ನನ್ನಂಥ ಟೀಚರುಗಳೇ! ಹೆಂಗಸು, ನಾಯಿ ಮತ್ತು ಅಕ್ರೋಟಿನ ಮರ ಬಡಿದಷ್ಟೂ ಒಳ್ಳೆಯವಾಗುತ್ತವೆ ಎಂದು ಇಂಗ್ಲಿಷರ ಹಳೆಯ ಗಾದೆ. ಹೊಡೆಯುತ್ತಾನೆ ಅಂದರೆ ಪ್ರೀತಿಸುತ್ತಾನೆ ಅಂತ ಅರ್ಥ ಎಂದು ರಷ್ಯನ್ನರ ಗಾದೆ. ಆ ರಷ್ಯದಲ್ಲಿ 2017ರ ಫೆಬ್ರವರಿಯಲ್ಲಿ ಕಾನೂನನ್ನೇ ಸಡಿಲಿಸಿದರು. ಮನೆಯವರನ್ನು ಮೊದಲ ಸಲ ಹೊಡೆದು, ತೀವ್ರ ಗಾಯವಾಗದಿದ್ದರೆ ಅದು ಕ್ರಿಮಿನಲ್ ಅಪರಾಧವಲ್ಲ. ದಂಡ ಕಟ್ಟಿ ಮನೆಗೆ ಹೋಗಬಹುದು. ಗಾದೆಯಿಂದಲೇ ಕಾನೂನು ಬಂತು ಎಂದು ನಾನು ಹೇಳುವುದಿಲ್ಲ. ಆದರೆ ಇಂಥ ಮಾತು ಗಾಳಿಯಲ್ಲಿದ್ದ ಕಡೆ ಕೈ ಎತ್ತುವುದೂ ಸುಲಭ, ಎತ್ತಿದ ಕೈಯನ್ನು ಕ್ಷಮಿಸುವುದೂ ಸುಲಭ.

ಡಚ್ ವಿದ್ವಾಂಸೆ ಮಿನೇಕೆ ಸ್ಕಿಪ್ಪರ್ ಎಂಬವರು ಹೆಣ್ಣಿನ ಬಗ್ಗೆ ಲೋಕದ ನೂರಾರು ಭಾಷೆಗಳಲ್ಲಿರುವ ಹದಿನೈದು ಸಾವಿರಕ್ಕೂ ಹೆಚ್ಚು ಗಾದೆಗಳನ್ನು ಕಲೆಹಾಕಿದ್ದಾರೆ. ಅವರ ಪುಸ್ತಕಕ್ಕೆ ಹೆಸರು ಕೊಟ್ಟದ್ದು ಆಫ್ರಿಕದ ಸೇನಾ ಜನರ ಗಾದೆ: ದೊಡ್ಡ ಪಾದದ ಹೆಣ್ಣನ್ನು ಎಂದೂ ಮದುವೆಯಾಗಬೇಡ. ಪಾದ ಬರೀ ನೆಪ. ಹೆಂಡತಿ ಗಂಡನಿಗಿಂತ ಯಾವುದರಲ್ಲೂ ದೊಡ್ಡವಳಾಗಬಾರದು ಎಂಬುದು ಒಳಗಿನ ತಿರುಳು. ಒಬ್ಬರನ್ನೊಬ್ಬರು ಕಂಡರಿಯದ ಜನಗಳು ಕೂಡ ಈ ವಿಷಯದಲ್ಲಿ ಮಾತ್ರ ಅಣ್ಣತಮ್ಮಂದಿರ ಹಾಗೆ ಮಾತಾಡುತ್ತಾರೆ. ಇದನ್ನು ಲೋಕಾನುಭವ ಎಂದು ಕರೆಯುವುದಾದರೆ, ಅದು ಅರ್ಧ ಲೋಕದ ಅನುಭವ. ಇನ್ನರ್ಧ ಲೋಕ ಆಗ ಒಲೆ ಊದುತ್ತಿತ್ತು.

"ಹಾಗಾದರೆ ಗಾದೆಗಳನ್ನೆಲ್ಲ ಸುಟ್ಟುಬಿಡೋಣವೇ? ನಮ್ಮ ಸಂಸ್ಕೃತಿಯ ಗತಿಯೇನು?" ಎಂದು ಕೇಳುವವರಿದ್ದಾರೆ. ಸುಡುವುದು ಯಾಕೆ? ಈಳಿಗೆಮಣೆ ಕೈ ಕೊಯ್ಯುತ್ತದೆಂದು ಯಾರೂ ಬೀದಿಗೆ ಎಸೆಯುವುದಿಲ್ಲ. ಆದರೆ ಮಗುವಿನ ಕೈಗೆ ಕೊಡುವಾಗ ಅಲಗು ಎಲ್ಲಿದೆ ಎಂದು ತೋರಿಸುತ್ತೇವೆ. ಕಿಟ್ಟೆಲ್ 1894ರ ತಮ್ಮ ನಿಘಂಟಿನಲ್ಲಿ ಪದಗಳ ಜೊತೆಗೆ ಗಾದೆಗಳನ್ನೂ ಕೊಟ್ಟರು. ಈ ಮಾತನ್ನು ಜನ ಹೀಗೆ ಬಳಸುತ್ತಾರೆ ಎಂದು ತೋರಿಸುವುದಕ್ಕೆ ಕೊಟ್ಟರು. ಅದನ್ನು ಬಾಳಿನ ಆಜ್ಞೆಯಾಗಿ ಮಾಡಿದವರು ನಾವು. ಗಾದೆ ಇರಲಿ. ಅದರ ಮೇಲಿನ ವೇದದ ಮುದ್ರೆ ಹೋಗಲಿ.

ನಾನು ನನ್ನ ಮಟ್ಟಿಗೆ ಪ್ರಶ್ನೆ ಬದಲಾಯಿಸಿದ್ದೇನೆ. ಪಬ್ಲಿಕ್ ಪರೀಕ್ಷೆ ನನ್ನ ಕೈಯಲ್ಲಿಲ್ಲ, ಕಿರುಪರೀಕ್ಷೆ ಇದೆಯಲ್ಲ. ಈ ಗಾದೆಯನ್ನು ಯಾರು ಯಾರಿಗೆ ಹೇಳುತ್ತಾರೆ? ಯಾವಾಗ ನಿಜ? ಯಾವಾಗ ಸುಳ್ಳು? ಇದಕ್ಕೆ ಬಾಯಿಪಾಠದ ಪೀಠಿಕೆ ನಡೆಯುವುದಿಲ್ಲ. ಮಕ್ಕಳು ಮೊದಲು ಪೆನ್ನು ಕಚ್ಚುತ್ತಾ ಕೂರುತ್ತಾರೆ, ಆಮೇಲೆ ಬರೆಯತೊಡಗುತ್ತಾರೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಗೆ ಹೋದ ವರ್ಷ ಒಬ್ಬ ಹುಡುಗ ಬರೆದ: 'ಇದನ್ನು ದೊಡ್ಡ ಹಾಸಿಗೆ ಇರುವವರು ಹೇಳುತ್ತಾರೆ. ನನ್ನ ಕಾಲು ಬೆಳೆಯುತ್ತಾ ಇದೆ. ಹಾಸಿಗೆ ಯಾಕೆ ಬೆಳೆಯಬಾರದು?' ಅಜ್ಜಿ ಇದ್ದಿದ್ದರೆ ಅವನಿಗೆ ಎಲೆ ಅಡಿಕೆ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದಳು.

ನನ್ನ ಜೊತೆಯ ಕನ್ನಡ ಮೇಷ್ಟ್ರುಗಳಿಗೂ ಮೇಡಂಗಳಿಗೂ ನನ್ನದೊಂದೇ ಕೋರಿಕೆ. ಮುಂದಿನ ಸಲ ಯಾವುದಾದರೂ ಮಗು 'ಆದರೆ ನಮ್ಮ ಮನೆಯಲ್ಲಿ' ಎಂದು ಶುರುಮಾಡಿದರೆ, ಕೆಂಪು ಪೆನ್ನನ್ನು ಒಂದು ನಿಮಿಷ ಕೆಳಗಿಡಿ. ಪೂರ್ತಿ ಓದಿ. ಗಾದೆ ಸುಳ್ಳಾದರೆ ಆಗಲಿ, ಮಗು ಬರೆದದ್ದು ನಿಜವಿರಬಹುದು.

ಆ ಉತ್ತರಪತ್ರಿಕೆ ಇನ್ನೂ ನನ್ನ ಬೀರುವಿನಲ್ಲಿದೆ. ಅವಳಿಗೆ ನಾನು ಎರಡು ಅಂಕ ಕೊಡುವುದು ಬಾಕಿಯಿದೆ.