ಬದಲಿ ಎಂಜಿನ್: ಕೂರುವುದೆಲ್ಲ ಹೊಂದುವುದಿಲ್ಲ

ಚಿಂತಾಕಿ, ಔರಾದ್, ಭಾಲ್ಕಿ ಭಾಗದ ಅಡತಿ ವ್ಯಾಪಾರಿಗಳು ಹಾಗೂ ಸಣ್ಣ ಉದ್ದಿಮೆದಾರರ ಸರಕು ವಾಹನಗಳು ತೊಗರಿಯ ಹಂಗಾಮಿನಲ್ಲಿಯೇ ಕೈಕೊಡುವುದು ಹೊಸ ಸಂಗತಿಯೇನಲ್ಲ. ಎಂಜಿನ್ ಪೂರ್ತಿ ಸವೆದಿದೆ, ರೀಬೋರ್ ಮಾಡಿಸಿದರೂ ಪ್ರಯೋಜನವಿಲ್ಲ ಎಂದು ಮೇಸ್ತ್ರಿ ಹೇಳಿದ ಮರುದಿನವೇ ಮಾಲೀಕರು ಹೈದರಾಬಾದಿನ ಗುಜರಿ ಅಂಗಡಿಗಳತ್ತ ಹೊರಡುತ್ತಾರೆ. ಅಲ್ಲಿ ಅವರು ಕೇಳುವುದು ಒಂದೇ ಪ್ರಶ್ನೆ: ಇದು ನಮ್ಮ ಗಾಡಿಗೆ ಕೂರುತ್ತದೆಯೇ?

ಜಪಾನಿ ವಿನ್ಯಾಸದ ವಾಹನಗಳಲ್ಲಿ ಈ ಪ್ರಶ್ನೆ ಇನ್ನಷ್ಟು ತೊಡಕಿನದು. 1980ರ ದಶಕದಲ್ಲಿ ಡಿಸಿಎಂ ಟೊಯೋಟಾ, ಐಷರ್ ಮಿತ್ಸುಬಿಷಿ, ಸ್ವರಾಜ್ ಮಾಜ್ದಾಗಳ ಜೊತೆಗೆ ಬಂದ ಆಲ್ವಿನ್ ನಿಸಾನ್ ತಯಾರಾಗುತ್ತಿದ್ದುದು ಬೀದರಿಗೆ ಸಮೀಪದ ಜಹೀರಾಬಾದಿನಲ್ಲಿಯೇ. ಆ ಕಾರ್ಖಾನೆ ಮುಂದೆ ಮಹೀಂದ್ರ ಸಂಸ್ಥೆಯ ಪಾಲಾಯಿತು. ತಯಾರಿಕೆ ನಿಂತ ಮಾದರಿಗೆ ಮೂಲ ಎಂಜಿನ್ ದೊರೆಯದಾದಾಗ ಬೇರೆ ಕಂಪನಿಯ ಎಂಜಿನ್ ಜೋಡಿಸುವ ಆಲೋಚನೆ ಹುಟ್ಟುತ್ತದೆ. ಮಾಜ್ದಾ ಆರ್‌ಎಕ್ಸ್-7 ಎಂಬ ಸ್ಪೋರ್ಟ್ಸ್ ಕಾರಿನ ರೋಟರಿ ಎಂಜಿನ್ ಕಿತ್ತು ಅಮೆರಿಕದ ಎಂಟು ಸಿಲಿಂಡರಿನ ಎಂಜಿನ್ ಇಡುವ ಹವ್ಯಾಸಿಗಳು ವಿದೇಶಗಳಲ್ಲಿದ್ದಾರೆ. ಅದು ಶೋಕಿ. ಆ ಕಾರು ತಿಂಗಳುಗಟ್ಟಲೆ ನಿಂತರೂ ಯಾರ ವ್ಯಾಪಾರವೂ ನಿಲ್ಲದು.

ಮೌಂಟಿಂಗಿಗೆ ಬೆಸುಗೆ ಹಾಕಿ ಎಂಜಿನ್ ಕೂರಿಸಬಹುದು. ಆದರೆ ಕ್ಲಚ್, ಗೇರ್‌ಬಾಕ್ಸ್, ರೇಡಿಯೇಟರ್, ಹಿಂದಿನ ಆಕ್ಸಲ್ ಇವೆಲ್ಲ ಹಳೆಯ ಎಂಜಿನ್ನಿನ ಶಕ್ತಿ, ವೇಗಗಳಿಗೆ ಅಳೆದು ಮಾಡಿದವು. ಶಕ್ತಿ ಹೆಚ್ಚಿದರೆ ಗೇರ್‌ಬಾಕ್ಸ್ ಸವೆಯುತ್ತದೆ, ರೇಡಿಯೇಟರ್ ಸಾಲದಾಗುತ್ತದೆ. ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್ನಾದರೆ ವೈರಿಂಗ್, ಸೆನ್ಸರ್‌ಗಳನ್ನೂ ಸಮೇತ ತರಬೇಕು. ಅಗ್ಗದ ಎಂಜಿನ್ನಿನ ನಿಜವಾದ ಬೆಲೆ ತಿಳಿಯುವುದು ಆಗಲೇ.

ಇದಕ್ಕಿಂತ ಗಂಭೀರವಾದುದು ಕಾನೂನಿನ ತೊಡಕು. ತಯಾರಕರು ನಮೂದಿಸಿದ ವಿವರಗಳಿಗೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ನಿಷೇಧಿಸುತ್ತದೆ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಹತ್ತಕ್ಕೆ ಕಡಿಮೆಯಿಲ್ಲದ ಸಾರಿಗೆ ವಾಹನಗಳ ಮಾಲೀಕರಿಗೆ ಪೂರ್ವಾನುಮತಿಯಿಲ್ಲದೆ ಎಂಜಿನ್ ಬದಲಿಸಲು ರಾಜ್ಯ ಸರ್ಕಾರ ಅವಕಾಶ ಕೊಡಬಹುದಾದರೂ, ಅಲ್ಲಿಯೂ ಅದೇ ತಯಾರಿಕೆ, ಅದೇ ಮಾದರಿ ಎಂಬ ಷರತ್ತಿದೆ. ಹೊಂದಾಣಿಕೆಗೆ ಕಾನೂನು ಇಟ್ಟಿರುವ ಅಳತೆಗೋಲು ಇದೇ. ಬದಲಾವಣೆಯನ್ನು 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ವರದಿ ಮಾಡಿ ನೋಂದಣಿ ಪತ್ರದಲ್ಲಿ ನಮೂದಿಸಿಕೊಳ್ಳಬೇಕು. ವಾಹನದ ಮೇಲೆ ಸಾಲವಿದ್ದಲ್ಲಿ ಸಾಲ ಕೊಟ್ಟವರ ಲಿಖಿತ ಒಪ್ಪಿಗೆಯನ್ನು ಮೊದಲೇ ಪಡೆಯುವುದು ಲೇಸು. ಪತ್ರದಲ್ಲಿ ಒಂದು ಸಂಖ್ಯೆ, ಎಂಜಿನ್ ಮೇಲೆ ಇನ್ನೊಂದು ಇದ್ದರೆ ಅಪಘಾತದ ದಿನ ವಿಮಾ ಕ್ಲೇಮು ತಕರಾರಿಗೆ ಬೀಳುತ್ತದೆ. ಬಿಲ್ಲಿಲ್ಲದೆ ಕೊಂಡದ್ದು ಕಳವಿನ ಮಾಲಾಗಿದ್ದರಂತೂ ಮಾಲೀಕರು ಠಾಣೆಯ ಮೆಟ್ಟಿಲು ಹತ್ತಬೇಕಾದೀತು.

ಲೆಕ್ಕಪತ್ರದಲ್ಲಿಯೂ ಬಿಲ್ಲಿನ ಮಹತ್ವ ಕಡಿಮೆಯಲ್ಲ. ಸರಕು ವಾಹನದ ಬಿಡಿಭಾಗಗಳ ಮೇಲಿನ ಜಿಎಸ್‌ಟಿಗೆ, ಇತರ ಷರತ್ತುಗಳು ಪೂರೈಸಿದಲ್ಲಿ, ಹೂಡುವಳಿ ತೆರಿಗೆ ಜಮೆ ಲಭ್ಯವಿದೆ. ತೆಲಂಗಾಣದಿಂದ ತರುವ ಎಂಜಿನ್ನಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಬೇಕು. ಆದಾಯ ತೆರಿಗೆಯಲ್ಲಿ, ಇರುವ ಆಸ್ತಿಯನ್ನು ಉಳಿಸಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿಯೆಂದೂ ಹೊಸ ಆಸ್ತಿ ಅಥವಾ ಹೊಸ ಅನುಕೂಲ ತರುವ ವೆಚ್ಚ ಹಾಗಲ್ಲವೆಂದೂ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಅದೇ ಮಾದರಿಯ ಎಂಜಿನ್ ಹಾಕಿಸಿದವರ ವಾದಕ್ಕೆ ಇದರಿಂದ ಬಲ ಬರುತ್ತದೆ; ಹೆಚ್ಚು ಶಕ್ತಿಯದನ್ನು ಹಾಕಿಸಿದವರ ವಾದ ಸಡಿಲವಾಗುತ್ತದೆ.

ಆದುದರಿಂದ ಅದೇ ಮಾದರಿಯ ರೀಕಂಡಿಷನ್ ಎಂಜಿನ್ನಿಗೆ ತುಸು ಹೆಚ್ಚು ತೆತ್ತರೂ ನಷ್ಟವಿಲ್ಲ. ಅದೂ ದೊರೆಯದಿದ್ದಲ್ಲಿ ವಾಹನವನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಒಪ್ಪಿಸಿ, ಆ ಹಂಗಾಮಿನ ಮಟ್ಟಿಗೆ ಬಾಡಿಗೆ ಲಾರಿಯಲ್ಲಿ ಸರಕು ಸಾಗಿಸುವುದೇ ಅಗ್ಗ.